ಬೇಲಿಮೂಲೆಯ ಗೌರಮ್ಮ

ಗುಡೇಕೋಟೆಯ ಗುಡ್ಡದ ಬುಡದ ಹಳ್ಳಿಗಳಲ್ಲಿ ಯಾರಿಗಾದರೂ ಗುರುತು ಸಿಗದ ಎಲೆಯೊಂದು ಕೈಗೆ ಬಂದರೆ ಅದನ್ನು ಹುಲುಗಮ್ಮನ ಹತ್ತಿರ ತರುವುದು ವಾಡಿಕೆಯಾಗಿತ್ತು. ಆಡು ತಿಂದು ಹೊಟ್ಟೆ ಉಬ್ಬಿಸಿಕೊಂಡ ಸೊಪ್ಪು, ಬದುವಿನ ಮೇಲೆ ಹೊಸದಾಗಿ ಹಬ್ಬಿದ ಬಳ್ಳಿ, ಮಗುವಿನ ಬಾಯಿಂದ ಕಿತ್ತು ತೆಗೆದ ಕಾಯಿ. ಆಕೆ ಎಲೆಯನ್ನು ಮೊದಲು ಬೆಳಕಿಗೆ ಹಿಡಿಯುವಳು, ಆಮೇಲೆ ಮಗುಚಿ ನರ ನೋಡುವಳು, ಆಮೇಲೆ ತೊಟ್ಟು ಮುರಿದು ಹಾಲು ಬರುತ್ತದೋ ನೀರು ಬರುತ್ತದೋ ನೋಡುವಳು, ಕಡೆಗೆ ಮೂಸುವಳು. ಈ ನಾಲ್ಕೂ ಮುಗಿಯುವ ತನಕ ಬಾಯಿ ಬಿಡುತ್ತಿರಲಿಲ್ಲ.

"ಲಗೂನ ಹೇಳಬೇ" ಎಂದು ಯಾರಾದರೂ ಅವಸರ ಮಾಡಿದರೆ, "ಲಗೂನ ಬೇಕಂದ್ರ ನಿನ್ನ ಆಡನ್ನ ಕೇಳ್ಕೊಂಡು ಬಾ. ಅದು ನನಗಿಂತ ಮೊದಲ ತಿಂದು ನೋಡೈತಿ" ಎನ್ನುವಳು.

ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೇ ಹೇಳುವಳು. ಅಕ್ಷರ ಎಂದರೆ ಆಕೆಗೆ ತನ್ನ ಹೆಸರಿನ ನಾಲ್ಕು ಮಾತ್ರ. ಅವನ್ನೂ ಒಂದೊಂದಾಗಿ, ಸೋಸಿ ಇಟ್ಟಂತೆ ಬರೆಯುವಳು. ಗಂಡ ಗಾದಿಲಿಂಗಪ್ಪ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಮನೆಯಲ್ಲಿ ಮಗ ಸಂಜೀವ, ಸೊಸೆ ಸುಮಂಗಲಾ. ಸಂಜೀವ ಕೂಡ್ಲಿಗಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಸುಮಂಗಲಾ ಊರಿನ ಅಂಗನವಾಡಿ ಟೀಚರ್, ತವರು ಹರಪನಹಳ್ಳಿ ಕಡೆಯ ತೆಲಿಗಿ. ಆ ಕಡೆ ಬಯಲು, ಹೊಲ, ಕಾಲುವೆ. ಗುಡ್ಡದ ಗಿಡಬಳ್ಳಿಗಳು ಅವಳಿಗೆ ಹೊಸವು. ಆದರೆ ಗೆಣಸು ಎಂದರೆ ಅವಳಿಗೆ ಪ್ರಾಣ. ನೀರೊಲೆಯ ಬೂದಿಯಲ್ಲಿ ಹುದುಗಿಸಿ ಸುಟ್ಟ ಗೆಣಸಿನ ಮುಂದೆ ಹಬ್ಬದ ಹೋಳಿಗೆಯೂ ಬೇಡ ಎನ್ನುವವಳು. ಅವಳ ಸಲುವಾಗಿಯೇ ಹುಲುಗಮ್ಮ ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಸಾಲಿನ ಗುಂಟ ಗೆಣಸಿನ ಕುಡಿ ಊರುತ್ತಿದ್ದಳು.

ಆ ಹಿತ್ತಲಿನ ಬೇಲಿಮೂಲೆಯಲ್ಲಿ ಇನ್ನೊಂದು ಗಡ್ಡೆ ಇತ್ತು.

ಅದು ಸಂಜೀವನಷ್ಟೇ ವಯಸ್ಸಿನದು. ಸಂಜೀವ ಹುಟ್ಟುವಾಗ ಹುಲುಗಮ್ಮ ಎರಡು ಹಗಲು ಎರಡು ರಾತ್ರಿ ನೋವು ತಿಂದಳು. ಕೂಡ್ಲಿಗಿಗೆ ಹೋಗಲು ಹಳ್ಳ ತುಂಬಿ ದಾರಿ ಇರಲಿಲ್ಲ. ಆಕೆಯ ಅತ್ತೆ ಸುಂಕ್ಲಮ್ಮ ಸೂಲಗಿತ್ತಿ. ಮೂರನೆಯ ದಿನ ಬೆಳಗಾಗುತ್ತಲೇ ಸುಂಕ್ಲಮ್ಮ ಒಬ್ಬಳೇ ಗುಡ್ಡ ಹತ್ತಿ, ಕರಡಿ ಓಡಾಡುವ ಕಲ್ಲುಸಂದಿಯಿಂದ ಒಂದು ಗಡ್ಡೆ ಅಗೆದು ತಂದಳು. ಅರೆದು ಸೊಸೆಯ ಅಂಗಾಲಿಗೆ ಹಚ್ಚಿದಳು. ಹೊತ್ತು ನೆತ್ತಿಗೆ ಬರುವುದರೊಳಗೆ ಸಂಜೀವ ಹುಟ್ಟಿದ. ಗಡ್ಡೆಯಿಂದ ಹುಟ್ಟಿದನೋ, ಹುಟ್ಟುವ ಹೊತ್ತು ಬಂದು ಹುಟ್ಟಿದನೋ, ಹುಲುಗಮ್ಮ ಅದನ್ನು ಗೊತ್ತಿಲ್ಲದ್ದರ ಲೆಕ್ಕಕ್ಕೇ ಸೇರಿಸಿದ್ದಳು. ಉಳಿದ ಅರ್ಧ ಗಡ್ಡೆಯನ್ನು ಸುಂಕ್ಲಮ್ಮ ಬೇಲಿಮೂಲೆಯಲ್ಲಿ ಹೂಳಿದಳು. ಮುಂದಿನ ಹೆರಿಗೆಗೆ ಗುಡ್ಡ ಹತ್ತುವುದು ತಪ್ಪಲಿ ಎಂದು.

ಆರಿದ್ರ ಮಳೆ ಬಿದ್ದ ಹದಿನೈದು ದಿನಕ್ಕೆ ಅದು ನೆಲ ಒಡೆದು ಮೇಲೆ ಬರುತ್ತಿತ್ತು. ಬಳ್ಳಿ ಆಳೆತ್ತರ ಹೋಗುತ್ತಿತ್ತು. ಶ್ರಾವಣಕ್ಕೆ ಹೂ. ಬುಡ ಹಳದಿ, ತುದಿ ಕೆಂಪು, ಒಲೆಯೊಳಗಿನ ಉರಿಯನ್ನೇ ಕಿತ್ತು ಬೇಲಿಗೆ ಸಿಕ್ಕಿಸಿದ ಹಾಗೆ. ನವರಾತ್ರಿಯ ಹೊತ್ತಿಗೆ ಬಳ್ಳಿ ಹಳದಿಯಾಗಿ, ದೀಪಾವಳಿಗೆ ಒಣಗಿ, ಆಮೇಲೆ ಏಳು ತಿಂಗಳು ಮೇಲೆ ಏನೂ ಕಾಣದು. ಗಡ್ಡೆ ಮಾತ್ರ ಒಳಗೆ ಮಲಗಿರುತ್ತಿತ್ತು.

ಅದು ಕೊಲ್ಲುವ ಗಡ್ಡೆ. ಸುಂಕ್ಲಮ್ಮ ಅದನ್ನು ಸೊಸೆಗೆ ಒಂದೇ ಸಲ ಹೇಳಿದ್ದಳು. ಹೂಳಿದ ದಿನವೇ ಆಕೆ ಅಲ್ಲಿ ಜಾಲಿಯ ಕೋಲು ನೆಟ್ಟು, ಕೆಂಪು ಅರಿವೆ ಕಟ್ಟಿ, ಬುಡಕ್ಕೊಂದು ಕಲ್ಲಿಟ್ಟು ಕುಂಕುಮ ಹಚ್ಚಿದಳು. ಓಣಿಯ ಹುಡುಗರಿಗೆಲ್ಲ, "ಅದು ಗೌರಮ್ಮನ ಜಾಗ. ಮುಟ್ಟಿದ್ರ ಕಣ್ಣು ಹೋಗ್ತಾವ" ಎಂದು ಸಾರಿದಳು.

"ವಿಷ ಅಂತನ ಹೇಳಬಹುದಲ್ಲ ಅತ್ತಿ" ಎಂದು ಹುಲುಗಮ್ಮ ಕೇಳಿದ್ದಳು.

"ವಿಷ ಅಂದ್ರ ಹುಡುಗ್ರು ಹೆಂಗೈತಿ ನೋಡಾಕ ಬರ್ತಾವ. ದೇವರು ಅಂದ್ರ ದೂರ ನಿಲ್ತಾವ. ನಿನಗ ತಿಳಿಯಂಗಿಲ್ಲ, ಬಾಯಿ ಮುಚ್ಚು."

ಅತ್ತೆ ಹೋದ ಮೇಲೆ ಹುಲುಗಮ್ಮ ಅದೇ ಪಾಠ ನಡೆಸಿದಳು. ವರ್ಷಕ್ಕೊಮ್ಮೆ ಅರಿವೆ ಬದಲಿಸುವಳು, ಕುಂಕುಮ ಹಚ್ಚುವಳು. ಗಾದಿಲಿಂಗಪ್ಪ ಕೂಡ ಆ ಕಡೆ ಉಗುಳುತ್ತಿರಲಿಲ್ಲ. ಸಂಜೀವ ಚಿಕ್ಕವನಿದ್ದಾಗ ಚೆಂಡು ಆ ಮೂಲೆಗೆ ಬಿದ್ದರೆ ಅಳುತ್ತ ಒಳಗೆ ಬರುತ್ತಿದ್ದನೇ ಹೊರತು ಕೈ ಹಾಕುತ್ತಿರಲಿಲ್ಲ. ಆಸ್ಪತ್ರೆ ಬಂತು, ಆಂಬುಲೆನ್ಸ್ ಬಂತು, ಹೆರಿಗೆಗೆ ಗಡ್ಡೆ ಕೇಳುವವರು ಇಲ್ಲವಾದರು. ಆದರೂ ಹುಲುಗಮ್ಮನಿಗೆ ಅದನ್ನು ಕೀಳಲು ಮನಸ್ಸು ಬರಲಿಲ್ಲ. ಶ್ರಾವಣದಲ್ಲಿ ಮೊದಲ ಹೂ ಅರಳಿದ ದಿನ ಆಕೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಚಹಾ ಆರುವ ತನಕ ಅದನ್ನೇ ನೋಡುತ್ತಿದ್ದಳು.

ಸಂಜೀವ ಡಿಪೋ ಸೇರಿದ ಮೇಲೆ ಗೆಳೆಯ ಕ್ರಾಂತಿಕುಮಾರನ ಜೊತೆ ಓದು, ಸಭೆ ಎಂದು ತಿರುಗಾಡಿ, ಕಡೆಗೆ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದ. ಕ್ರಾಂತಿಕುಮಾರ ಹೊಸಹಳ್ಳಿಯಲ್ಲಿ ಮೇಷ್ಟ್ರು. ಮನೆಯ ಪಡಸಾಲೆಯಲ್ಲಿ ಬಾಬಾಸಾಹೇಬರ ಫೋಟೋ, ಬುದ್ಧನ ಫೋಟೋ ಬಂದವು. ಹುಲುಗಮ್ಮ ತಕರಾರು ಮಾಡಲಿಲ್ಲ. ಗೋಡೆಯ ಮಾಡಿನಲ್ಲಿದ್ದ ಹಳೆಯ ದೇವರುಗಳನ್ನು ತಾನೇ ಬುಟ್ಟಿಯಲ್ಲಿಟ್ಟು ಹೊಸಹಳ್ಳಿಯ ತಂಗಿ ಮಂಜಮ್ಮನ ಮನೆಗೆ ಮುಟ್ಟಿಸಿ ಬಂದಳು. ಮಗ ಕಲಿಸಿದ ನಾಲ್ಕು ಮಾತನ್ನು ಬೆಳಿಗ್ಗೆ ಕೂತು ಹೇಳುವಳು. ಊರ ಗೌಡರ ಮನೆಯ ಮುಂದೆ ಚಪ್ಪಲಿ ಬಿಟ್ಟು ನಿಂತವಳ ಮಗ ಈಗ ಕುರ್ಚಿ ಎಳೆದುಕೊಂಡು ಕೂರುತ್ತಾನೆ, ಅದು ಯಾವ ಫೋಟೋದಿಂದ ಬಂತು ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು.

ಹಿತ್ತಲ ಮೂಲೆಯ ಕೋಲು ಮಾತ್ರ ಯಾರ ಕಣ್ಣಿಗೂ ಬೀಳದೆ ಉಳಿದಿತ್ತು.

ಹೋದ ವಿಜಯದಶಮಿಗೆ, ಬಾಬಾಸಾಹೇಬರು ದೀಕ್ಷೆ ತೆಗೆದುಕೊಂಡ ದಿನವೆಂದು, ಮನೆಯಲ್ಲಿ ಹತ್ತು ಮಂದಿಗೆ ಊಟ. ಬೆಳಿಗ್ಗೆ ಸಂಜೀವ ಕ್ರಾಂತಿಕುಮಾರನ ಜೊತೆ ಹಿತ್ತಲು ಹಸನು ಮಾಡಲು ಇಳಿದ. ಒಣಗುತ್ತಿದ್ದ ಬಳ್ಳಿಯನ್ನು ಸರಿಸಿದಾಗ ಕೋಲು ಕಂಡಿತು, ಅರಿವೆ ಕಂಡಿತು, ಕುಂಕುಮದ ಕಲ್ಲು ಕಂಡಿತು.

"ಯವ್ವಾ, ಏನಿದು! ಇದಿನ್ನೂ ಇಟ್ಕೊಂಡೀಯೇನು? ಮುಂದಿನ ಬಾಗಿಲದಾಗ ಆಫೀಸ್ ಬಂದ್ ಮಾಡಿ ಹಿತ್ತಲದಾಗ ಬ್ರಾಂಚ್ ನಡಸ್ತೀಯೇನು?"

ಕ್ರಾಂತಿಕುಮಾರ ನಕ್ಕ. ಅಡುಗೆಗೆ ಬಂದ ಹೆಂಗಸರೂ ನಕ್ಕರು. ಹುಲುಗಮ್ಮ ಬಾಗಿಲಲ್ಲಿ ನಿಂತಿದ್ದಳು. ಬಾಯಿ ತೆರೆದಿದ್ದಳು. ವಿಷ ಎಂದರೆ, 'ಹಂಗಾರ ಮೂವತ್ತೈದು ವರ್ಷ ವಿಷಕ್ಕ ಕುಂಕುಮ ಹಚ್ಚೀಯೇನು' ಎಂದು ಇಷ್ಟು ಜನರ ಮುಂದೆ ಮಗ ಕೇಳುತ್ತಾನೆ. ಅದಕ್ಕೆ ಏನು ಹೇಳುವುದು? ಬಳ್ಳಿ ಹೇಗೂ ಒಣಗಿತು. ಮಳೆಗಾಲಕ್ಕೆ ಮೊಳಕೆ ಬಂದಾಗ ಅವನೊಬ್ಬನನ್ನೇ ಕೂರಿಸಿಕೊಂಡು ಹೇಳಿದರಾಯಿತು. ಹೀಗೆ ಅಂದುಕೊಂಡು ಬಾಯಿ ಮುಚ್ಚಿದಳು. ಸಂಜೀವ ಕೋಲು ಕಿತ್ತು ಒಲೆಯ ಕಟ್ಟಿಗೆಗೆ ಸೇರಿಸಿದ. ಕಲ್ಲನ್ನು ಬೇಲಿಯಾಚೆ ಎಸೆದ. ಬಳ್ಳಿಯನ್ನು ಬುಡಕ್ಕೆ ಕೊಯ್ದು ತಿಪ್ಪೆಗೆ ಹಾಕಿದ.

ಗೆಣಸಿನ ಕುಡಿ ಊರುವಾಗ ಹುಲುಗಮ್ಮ ಆ ಕೋಲಿನಿಂದ ಮೂರು ಮೊಳ ಅಳೆದು ಬಿಟ್ಟಿದ್ದಳು. ಕೋಲು ಹೋದ ಮೇಲೆ ಮೂರು ಮೊಳ ಎಲ್ಲಿಂದ ಎಲ್ಲಿಗೆ ಎಂಬುದು ಆಕೆಯ ತಲೆಯಲ್ಲಿ ಮಾತ್ರ ಉಳಿಯಿತು. ಗೆಣಸಿನ ಬಳ್ಳಿ ಅದನ್ನು ದಾಟಿ ಬೇಲಿಯ ತನಕ ಹಬ್ಬಿತು.

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ. ಮಂಜಮ್ಮನಿಗೆ ಜ್ವರ ಎಂದು ಹುಲುಗಮ್ಮ ಬೆಳಗಿನ ಬಸ್ಸಿಗೆ ಹೊಸಹಳ್ಳಿಗೆ ಹೋಗಿದ್ದಳು. ಸಂಜೀವನಿಗೆ ಡ್ಯೂಟಿ. ಸುಮಂಗಲಾ ಒಬ್ಬಳೇ ಇದ್ದವಳು ಬಟ್ಟೆ ಒಗೆದು, ಕೈಗುದ್ದಲಿ ತೆಗೆದುಕೊಂಡು ಗೆಣಸು ಅಗೆಯಲು ಕೂತಳು.

ಮೂರು ಗಂಟೆಗೆ ಹುಲುಗಮ್ಮ ಮನೆಗೆ ಬಂದಾಗ ಸುಮಂಗಲಾ ಬಚ್ಚಲ ಕಲ್ಲಿನ ಮೇಲೆ ಒರಗಿದ್ದಳು. ಮುಖ ಸುಣ್ಣದ ಹಾಗೆ ಬೆಳ್ಳಗೆ. ಮಧ್ಯಾಹ್ನ ಒಂದು ಗಂಟೆಗೆ ಶುರುವಾದ ವಾಂತಿ, ಭೇದಿ.

"ಏನು ತಿಂದಿಯವ್ವ?"

"ಏನಿಲ್ಲ ಅತ್ತೇರ. ಗೆಣಸು ಅಷ್ಟೆ. ಒಂದು ಕಹಿ ಇತ್ತು. ಹುಳ ಬಿದ್ದಿರಬೇಕು ಅಂತ ಬೆಲ್ಲ ಹಚ್ಕೊಂಡು ತಿಂದೆ. ಚೆನ್ನಾಗಿರೋವು ಅವರಿಗೆ ಅಂತ ಎತ್ತಿಟ್ಟೀನಿ."

ಹುಲುಗಮ್ಮ ನೀರೊಲೆಯ ಹತ್ತಿರ ಹೋದಳು. ಬುಟ್ಟಿಯಲ್ಲಿ ಕೆಂಪು ಸಿಪ್ಪೆಯ ಗೆಣಸು ಆರು ಇದ್ದವು. ಒಲೆಯ ದಂಡೆಯ ಮೇಲೆ ಅರ್ಧ ತಿಂದು ಬಿಟ್ಟ ಒಂದು ತುಂಡು. ಸಿಪ್ಪೆ ಕೆಂಪಲ್ಲ, ಕಂದು. ಒಳಗೆ ಬಿಳಿ. ಪಕ್ಕದಲ್ಲಿ ಇನ್ನೂ ಸುಡದ ಒಂದು ಗಡ್ಡೆ, ಎರಡು ಕವಲಾಗಿ, ನೊಗ ಇಲ್ಲದ ಪುಟ್ಟ ನೇಗಿಲಿನ ಹಾಗೆ ಬಾಗಿ ಬಿದ್ದಿತ್ತು. ಆಕೆ ಅದನ್ನು ಬೆಳಕಿಗೆ ಹಿಡಿಯಲಿಲ್ಲ, ಮೂಸಲಿಲ್ಲ. ಯಾವುದೂ ಬೇಕಾಗಲಿಲ್ಲ. ಅಲ್ಲೇ ಬೂದಿಯ ಪಕ್ಕ ಕೂತುಬಿಟ್ಟಳು.

ಎಷ್ಟು ಹೊತ್ತು ಕೂತಳೋ, ಸುಮಂಗಲಾ ಮತ್ತೆ ವಾಂತಿ ಮಾಡಿದ ಸದ್ದಿಗೆ ಎದ್ದಳು. ಪಕ್ಕದ ಮನೆಯವರನ್ನು ಕೂಗಿ ಆಂಬುಲೆನ್ಸಿಗೆ ಫೋನ್ ಮಾಡಿಸಿದಳು. ಕವಲು ಗಡ್ಡೆಯನ್ನೂ ಅರ್ಧ ತುಂಡನ್ನೂ ಸೆರಗಿನ ಎರಡು ತುದಿಗೆ ಬೇರೆ ಬೇರೆ ಗಂಟು ಹಾಕಿಕೊಂಡಳು.

ಕೂಡ್ಲಿಗಿಯ ಆಸ್ಪತ್ರೆ ಮುಟ್ಟಿದಾಗ ಐದೂವರೆ. ಸಂಜೀವ ಡಿಪೋದ ಎಣ್ಣೆಬಟ್ಟೆಯಲ್ಲೇ ಓಡಿಬಂದಿದ್ದ. ಡ್ಯೂಟಿಯಲ್ಲಿದ್ದ ಡಾಕ್ಟರ್ ಅಮೃತಾ ಎಂಬ ಸಣ್ಣ ವಯಸ್ಸಿನ ಹೆಣ್ಣುಮಗಳು, ಕೊಟ್ಟೂರಿನವಳು. ಡ್ರಿಪ್ ಹಾಕಿಸಿ ಕೇಳಿದಳು:

"ಏನು ತಿಂದಾರಮ್ಮ?"

"ಗೌರಮ್ಮನ ಗಡ್ಡಿ ತಾಯಿ."

"ಅದೇನು? ಸುವರ್ಣಗಡ್ಡಿಯಾ? ಕೆಸುವಿನ ಗಡ್ಡಿಯಾ?"

"ಅಲ್ಲ ತಾಯಿ. ನಮ್ಮ ಮನಿಯಾಗ ಹಂಗ ಅಂತೀವಿ. ಬ್ಯಾರೆಯವರು ಏನಂತಾರ ನನಗ ಗೊತ್ತಿಲ್ಲ."

ಸೆರಗಿನ ಗಂಟು ಬಿಚ್ಚಿ ಗಡ್ಡೆ ತೋರಿಸಿದಳು. ಡಾಕ್ಟರ್ ಅದನ್ನು ತಿರುವಿ ನೋಡಿದಳು. ನೂರು ಗಡ್ಡೆಗಳಲ್ಲಿ ಅದೂ ಒಂದು. ಹೆಸರಿಲ್ಲದೆ ಏನು ಹುಡುಕುವುದು? ಅಷ್ಟರಲ್ಲಿ ಹೊರಗಿನಿಂದ ಸಂಜೀವ ಬಂದ. "ವಾಂತಿ ನಿಂತೈತ್ರಿ ಮೇಡಂ. ನೀರು ಕೇಳಿದ್ಲು. ಇನ್ನೊಂದು ಬಾಟ್ಲಿ ಹಾಕಿ ಕಳಿಸಿಬಿಡ್ರಿ, ಮನಿಗೆ ಕರ್ಕೊಂಡು ಹೋಗ್ತೀನಿ."

"ಕಳಿಸಬ್ಯಾಡ್ರಿ" ಎಂದಳು ಹುಲುಗಮ್ಮ. "ಸಂಜೀವ, ನೀ ಸುಮ್ನಿರು. ತಾಯಿ, ಹೆಸರು ನನಗ ಬರಂಗಿಲ್ಲ. ಬಳ್ಳಿ ಹೆಂಗೈತಿ ಅಂತ ಹೇಳ್ತೀನಿ, ಬರ್ಕೋರಿ."

ಡಾಕ್ಟರ್ ಫೋನು ಕೈಗೆ ತೆಗೆದುಕೊಂಡಳು.

"ಆರಿದ್ರ ಮಳಿಗೆ ಹುಟ್ತೈತಿ, ದೀಪಾವಳಿಗೆ ಸಾಯ್ತೈತಿ. ಎಲಿಗೆ ತೊಟ್ಟಿಲ್ಲ, ಕಾಂಡಕ್ಕ ನೇರ ಅಂಟಿರತೈತಿ. ನರ ಉದ್ದಕ್ಕ ಓಡಿರತಾವ, ಜ್ವಾಳದ ಎಲಿಯಾಗಿನಂಗ. ಎಲಿ ತುದಿ ಸುರುಳಿ ಆಗಿ ಬೇಲಿ ಹಿಡೀತೈತಿ. ಬ್ಯಾರೆ ಬಳ್ಳಿಗೆ ಹಿಡಿಯಾಕ ಬ್ಯಾರೆ ಎಳಿ ಇರತೈತಿ, ಇದಕ್ಕ ಎಲೀನ ಕೈ."

"ಹೂ?"

"ಮೊಗ್ಗು ಹಸರು, ತಲಿ ಕೆಳಗ. ಅರಳಿದ್ರ ಆರು ಎಸಳು. ಎಸಳು ಹಿಂದಕ್ಕ ಮಡಚಿ ಮ್ಯಾಲ ನಿಂತಿರತಾವ, ದಂಡಿ ಎಲ್ಲಾ ಅಲಿ ಅಲಿ. ಮೊದಲ ದಿನ ಹಳದಿ ಜಾಸ್ತಿ, ಐದನೇ ದಿನಕ್ಕ ಪೂರಾ ಕೆಂಪು. ನಡುವ ಒಂದು ಕಡ್ಡಿ ಐತಲ್ರಿ, ಕಾಯಿಯಿಂದ ಹೊರಡೋದು, ಅದು ಎಲ್ಲಾ ಹೂವಿನಾಗ ನೇರ ಇರತೈತಿ. ಇದರಾಗ ಬುಡದಾಗನ ಅಡ್ಡ ತಿರುಗಿರತೈತಿ. ಬಾಗಿಲ ಚಿಲಕ ಹಾಕಿದಂಗ."

ಡಾಕ್ಟರ್ ಫೋನಿನಲ್ಲಿ ಒಂದು ಹೂ ತೋರಿಸಿದಳು. "ಇದಲ್ಲ, ಇದಕ್ಕ ಎಸಳು ಮುಂದಕ್ಕ ಅದಾವ." ಇನ್ನೊಂದು. "ಇದೂ ಅಲ್ಲ, ಎಲಿ ತುದಿ ನೋಡ್ರಿ, ಸುರುಳಿ ಇಲ್ಲ." ಪಕ್ಕದಲ್ಲಿದ್ದ ನರ್ಸ್ "ಅಜ್ಜಿ, ಹೆಣ್ಣು ನೋಡಾಕ ಬಂದಂಗ ಮಾಡ್ತೀಯಲ್ಲಬೇ" ಎಂದಳು. ಹುಲುಗಮ್ಮ ಆ ಕಡೆ ನೋಡಲೂ ಇಲ್ಲ. ಐದನೆಯದೋ ಆರನೆಯದೋ ಚಿತ್ರಕ್ಕೆ ಆಕೆ ಬೆರಳು ಗಾಜಿಗೆ ಒತ್ತಿ ಹಿಡಿದಳು.

"ಇದ ತಾಯಿ. ಇದ."

ಡಾಕ್ಟರ್ ಓದಿದಳು. ಓದುತ್ತ ಓದುತ್ತ ಅವಳ ಮುಖದ ಬಣ್ಣ ಇಳಿಯಿತು. ಎದ್ದು ಬಳ್ಳಾರಿಗೆ ಫೋನ್ ಮಾಡಿದಳು, ಇಂಗ್ಲಿಷಿನಲ್ಲಿ ಮಾತಾಡಿದಳು, ಆಂಬುಲೆನ್ಸ್ ನಿಲ್ಲಿಸಲು ಹೇಳಿದಳು. ಆಮೇಲೆ ಸಂಜೀವನಿಗೆ, "ಈಗಲೇ ಬಳ್ಳಾರಿಗೆ ಹೋಗಬೇಕು. ವಾಂತಿ ನಿಂತೈತಿ ಅಂತ ಮೋಸ ಹೋಗಬ್ಯಾಡ್ರಿ" ಎಂದಳು.

"ಮದ್ದೈತೇನ್ರಿ ಇದಕ್ಕ?" ಎಂದ ಸಂಜೀವ.

"ವಿಷಾನ ಇಳಿಸೋ ಮದ್ದಿಲ್ಲ. ಮೈ ತಾಳಿಕೊಳ್ಳೋ ತನಕ ಕೈ ಹಿಡಿದು ನಡೆಸಬೇಕು. ದೊಡ್ಡ ಡಾಕ್ಟರ್ ಅದಾರ, ಅವರು ನೋಡ್ಕೊಂತಾರ."

ಹುಲುಗಮ್ಮ ಅಮೃತಾಳ ಮುಂಗೈ ಹಿಡಿದಳು. "ಇದು ದಿನಕ್ಕ ಏನೇನು ಮಾಡ್ತೈತಿ, ಸಾಲಾಗಿ ಹೇಳ್ರಿ. ಒಂದೂ ಬಿಡಬ್ಯಾಡ್ರಿ. ನನಗ ಓದಾಕ ಬರಂಗಿಲ್ಲ, ನೆನಪಿಡಾಕ ಬರ್ತೈತಿ."

ಅಮೃತಾ ಒಂದೊಂದಾಗಿ ಹೇಳಿದಳು. ನಾಳೆ ಹಗುರಾದಂತೆ ಕಾಣಬಹುದು. ನಾಡಿದ್ದಿನಿಂದ ಕೆಡುಕು. ರಕ್ತದ ಬಲ ಕುಂದುತ್ತದೆ, ಮೂತ್ರಪಿಂಡ ಸೋಲಬಹುದು, ಉಸಿರು ಕಟ್ಟಬಹುದು. ವಾರ ದಾಟಿದರೆ ಆಸೆ ಇಟ್ಟುಕೊಳ್ಳಬಹುದು, ಆದರೂ ಜ್ವರದ ಭಯ ಇರುತ್ತದೆ. ಹತ್ತು, ಹನ್ನೆರಡನೆಯ ದಿನಕ್ಕೆ ತಲೆಗೂದಲು ಉದುರುತ್ತದೆ.

"ಕೂದಲಾ?"

"ಹೂನಮ್ಮ, ಪೂರಾ ಉದುರಬಹುದು. ಆಮೇಲೆ ಬರ್ತೈತಿ ಬಿಡ್ರಿ. ಅಷ್ಟು ದಿನ ಜೀವ ಹಿಡಕೊಂಡವರಿಗೆ ಮಾತ್ರ ಅದು ಆಗೋದು."

ಹುಲುಗಮ್ಮ ಅದನ್ನು ಬೆರಳ ಗೆಣ್ಣಿಗೆ ಏರಿಸಿದಳು. ಒಂದು ಬೆರಳಿಗೆ ಮೂರು ಗೆಣ್ಣು, ನಾಲ್ಕು ಬೆರಳಿಗೆ ಹನ್ನೆರಡು. ಕಿರುಬೆರಳ ಬುಡದಿಂದ ತೋರುಬೆರಳ ತುದಿಯ ತನಕ.

ಬಳ್ಳಾರಿಯ ದೊಡ್ಡ ಆಸ್ಪತ್ರೆಯಲ್ಲಿ ಸೋಮವಾರ ಸುಮಂಗಲಾ ಎದ್ದು ಕೂತಳು. ಚಹಾ ಕೇಳಿದಳು. ಅಂಗನವಾಡಿಯ ಮಕ್ಕಳಿಗೆ ಮೊಟ್ಟೆ ಕೊಡುವ ದಿನ, ರಿಜಿಸ್ಟರ್ ಯಾರು ಬರೆಯುತ್ತಾರೋ ಎಂದು ಚಿಂತೆ ಮಾಡಿದಳು. ಸಂಜೀವ ನಕ್ಕ, ಅವ್ವನ ಕಡೆ ನೋಡಿ "ಸುಮ್ನ ಹೆದರಿಸಿಬಿಟ್ರಲ್ಲಬೇ" ಎಂದ. ಹುಲುಗಮ್ಮ ಎರಡನೆಯ ಗೆಣ್ಣನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು.

ಮಂಗಳವಾರ ಮಧ್ಯಾಹ್ನಕ್ಕೆ ಸುಮಂಗಲಾಳ ಉಸಿರು ಮೇಲುಮೇಲಕ್ಕಾಯಿತು. ಒಸಡಿನಲ್ಲಿ ರಕ್ತ ಬಂತು. ಐಸಿಯುಗೆ ಒಯ್ದರು, ಬಾಗಿಲು ಮುಚ್ಚಿತು. ಡಿಪೋದಿಂದ ನಾಲ್ಕು ಜನ ರಕ್ತ ಕೊಡಲು ಬಂದರು. ಅವರು ಹೋದ ಮೇಲೆ ಮೆಟ್ಟಿಲ ಹತ್ತಿರದ ಗೋಡೆಗೆ ಅವ್ವ ಮಗ ಇಬ್ಬರೇ ಉಳಿದರು.

"ಅದು ಗೆಣಸಿನ ಸಾಲಿನಾಗ ಹೆಂಗ ಬಂತು?" ಎಂದ ಸಂಜೀವ.

"ಬರಲಿಲ್ಲ. ಅಲ್ಲೇ ಇತ್ತು. ನೀ ಕೋಲು ಕಿತ್ತಿಯಲ್ಲ, ಅದರ ಬುಡಕ್ಕ."

ಸಂಜೀವ ಮುಖ ಎತ್ತಿದ.

"ಆ ಕೆಂಪರಿವಿ?"

"ಹೂನಪ್ಪ. ಅದು ದೇವರಲ್ಲ. ಮುಟ್ಟಬಾರದು ಅಂತ ನಿಮ್ಮಜ್ಜಿ ಕಟ್ಟಿದ್ದು."

"ಮುಟ್ಟಬಾರದು ಅಂತ ಕಟ್ಟಿದ್ದನ್ನ ದೇವರು ಅಂತ ಯಾಕ ಹೇಳಿದಿ? ಸಣ್ಣವನಿದ್ದಾಗ ಅದರ ಹೆದರಿಕಿಗೆ ರಾತ್ರಿ ಒಂದಕ್ಕ ಎದ್ದು ಹೋಗತಿರಲಿಲ್ಲ ನಾನು. ಅವತ್ತು ಹತ್ತು ಮಂದಿ ಮುಂದ ಕೀಳುವಾಗ ನೀ ಬಾಗಿಲದಾಗ ನಿಂತಿದ್ದಿ. ವಿಷ ಅಂತ ಒಂದು ಮಾತು ಅಂದಿದ್ರ ನಾನು ಕೈ ಹಚ್ಚತಿದ್ನೇನು? ಇಂಥದ್ದನ್ನ ಬಿಡಿಸಬೇಕು ಅಂತನ ಅಲ್ಲೇನಬೇ ನಾವು ಇಷ್ಟೆಲ್ಲಾ ಮಾಡಿದ್ದು!"

"ನಗ್ತಾರ ಅಂತ..." ಎಂದಳು ಹುಲುಗಮ್ಮ.

"ನಗಲಿ ಬಿಡು! ನಕ್ಕಿದ್ರ ಸಾಯ್ತಿದ್ದಿಯಾ? ಈಗ ನೋಡು ಯಾರು ಸಾಯಾಕ ಹತ್ಯಾರ."

ಅವನ ದನಿಗೆ ಐಸಿಯು ಕಾವಲುಗಾರ ಎದ್ದು ಬಂದ. ಸಂಜೀವ ಮೆಟ್ಟಿಲಿಳಿದು ಹೋದ. ಅವತ್ತಿನಿಂದ ಅವ್ವನಿಗೆ ಇಡ್ಲಿ ಪೊಟ್ಟಣ ತಂದು ಪಕ್ಕಕ್ಕೆ ಇಡುವನು, ನೀರಿನ ಬಾಟ್ಲಿ ತುಂಬಿಸಿ ತರುವನು, ಆದರೆ ಮಾತಾಡಲಿಲ್ಲ.

ಬುಧವಾರ, ಗುರುವಾರ ಯಂತ್ರದಲ್ಲಿ ರಕ್ತ ಸೋಸಿದರು. ಗುರುವಾರ ಸಂಜೆ ಡಾಕ್ಟರು, ತೆಲಿಗಿಯಿಂದ ಹೆತ್ತವರನ್ನು ಕರೆಸಿಕೊಳ್ಳಿ ಎಂದರು. ಅವರು ಬಂದು ಅತ್ತು, ಗಾಜಿನ ಆಚೆಯಿಂದ ನೋಡಿ, ಲಾಡ್ಜಿಗೆ ಹೋದರು. ಹುಲುಗಮ್ಮ ಎದ್ದು ಎಲ್ಲಿಗೂ ಹೋಗಲಿಲ್ಲ. ಬುದ್ಧನ ನಾಲ್ಕು ಮಾತು ಹೇಳಲು ನೋಡಿದಳು, ಎರಡಕ್ಕೆ ನಿಂತವು. ಮಾಡಿನ ಹಳೆಯ ದೇವರುಗಳನ್ನು ನೆನೆಯಲು ನೋಡಿದಳು, ಆ ದೇವರುಗಳ ಮುಖಕ್ಕೆಲ್ಲ ತಾನು ಹಚ್ಚಿದ ಕುಂಕುಮವೇ ಕಂಡಿತು. ಕಡೆಗೆ ಗೆಣ್ಣು ಎಣಿಸುವುದೊಂದೇ ಉಳಿಯಿತು. ಐದು.

ಶುಕ್ರವಾರ ಎರಡು ನಿಮಿಷ ಒಳಗೆ ಬಿಟ್ಟರು. ಸುಮಂಗಲಾ ಕಣ್ಣು ಬಿಟ್ಟಿದ್ದಳು. ಮುಖಕ್ಕೆ ಹಾಕಿದ ಆಕ್ಸಿಜನ್ ಸರಿಸಿ ಮೆಲ್ಲಗೆ ಕೇಳಿದಳು:

"ಅದೇನು ಗಡ್ಡೆ ಅತ್ತೇರ? ಎಲ್ರೂ ಏನೇನೋ ಹೇಳ್ತಾರೆ."

"ವಿಷ ಅವ್ವ" ಎಂದಳು ಹುಲುಗಮ್ಮ. ಮೂವತ್ತೈದು ವರ್ಷದಲ್ಲಿ ಆ ಮಾತನ್ನು ಆಕೆ ಮನೆಯವರ ಮುಂದೆ ತಾನಾಗಿ ಹೇಳಿದ್ದು ಅದೇ ಮೊದಲು. "ನಾನು ಬೆಳೆಸಿದ ವಿಷ. ಗುರುತು ಇಟ್ಟಿದ್ದೆ, ಗುರುತಿನ ಅರ್ಥ ಯಾರಿಗೂ ಹೇಳಿರಲಿಲ್ಲ. ಸಂಜೀವಂದು ತಪ್ಪಿಲ್ಲ. ಅವನು ಕಿತ್ತಿದ್ದು ನನ್ನ ಸುಳ್ಳನ್ನ."

ಸುಮಂಗಲಾ ಬೈಯಲಿಲ್ಲ. ಆಕೆಯ ಕೈಯನ್ನು ಹಿಡಿಯಲೂ ಇಲ್ಲ. "ಬೆಲ್ಲ ಹಚ್ಕೊಂಡು ತಿಂದೆನಲ್ಲ" ಎಂದು ಮುಖ ಆ ಕಡೆ ತಿರುಗಿಸಿದಳು.

ಏಳನೆಯ ದಿನ ಮೂತ್ರಪಿಂಡ ಸ್ವಲ್ಪ ಎದ್ದಿತು. ಎಂಟನೆಯ ದಿನ ಸುಮಂಗಲಾಳನ್ನು ಐಸಿಯುವಿನಿಂದ ಪಕ್ಕದ ಕೋಣೆಗೆ ಹಾಕಿದರು. ಬೆಳಿಗ್ಗೆ ಹತ್ತು ನಿಮಿಷ ಒಬ್ಬರು ಒಳಗೆ ಹೋಗಬಹುದು. ಹುಲುಗಮ್ಮ ಹೋಗಿ ಮೊದಲು ಸೊಸೆಯ ತಲೆಯ ಮೇಲೆ ಕೈಯಿಟ್ಟು, ಎರಡು ಬೆರಳಲ್ಲಿ ಕೂದಲನ್ನು ಮೆಲ್ಲಗೆ ಜಗ್ಗಿ ನೋಡಿದಳು. ಗಟ್ಟಿ. ಒಂಬತ್ತನೆಯ ದಿನ ಜ್ವರ ಬಂತು. ಅಂದೂ ಜಗ್ಗಿದಳು. ಗಟ್ಟಿ. ಹೊರಗೆ ಬಂದು ನರ್ಸನ್ನು ಹಿಡಿದು, "ಕೂದಲು ಯಾವಾಗ ಉದುರತಾವವ್ವ?" ಎಂದು ಕೇಳಿದಳು.

ಹೊರಗಿನ ಬೆಂಚಿನಲ್ಲಿ ಹರಪನಹಳ್ಳಿಯ ಎರ್ರಮ್ಮ ಎಂಬ ಹೆಂಗಸು ಗಂಡನ ಕಾಯಿಲೆಗೆ ಬಂದು ಕೂತಿದ್ದಳು. ಅವಳು ಎಲ್ಲರಿಗೂ ಕೇಳುವಂತೆ ಅಂದಳು:

"ಏನು ಅತ್ತೆವ್ವ ನೀನು! ದಿನಾ ಎದ್ದು ಸೊಸಿ ತಲಿ ಬೋಳಾಗ್ಲಿ ಅಂತ ಹರಕಿ ಹೊತ್ತೀಯೇನು? ಮುತ್ತೈದಿ ಅದಾಳ ಅವಳು. ನಮ್ಮ ಅತ್ತಿನೂ ಕೆಟ್ಟಾಕಿನ, ಆದ್ರೂ ಇಷ್ಟು ಕೇಳಿರಲಿಲ್ಲ ನೋಡು."

ಎರಡು ಕಂಬದಾಚೆ ಕೂತಿದ್ದ ಸಂಜೀವ, ಎಷ್ಟೋ ದಿನದ ಮೇಲೆ, ತಲೆ ಎತ್ತಿ ಅವ್ವನ ಕೈಯ ಕಡೆ ನೋಡಿದ. ಹೆಬ್ಬೆರಳು ನಡುಬೆರಳ ತುದಿಯ ಗೆಣ್ಣನ್ನು ಒತ್ತಿ ಹಿಡಿದಿತ್ತು.

ಹತ್ತನೆಯ ದಿನ ಜ್ವರ ಇಳಿಯಲಿಲ್ಲ. ಡಾಕ್ಟರು, ರಕ್ತದಲ್ಲಿ ಕಾಯುವ ಕಣಗಳು ತೀರ ಕಡಿಮೆ, ಇವತ್ತು ನಾಳೆ ಕಠಿಣ ಎಂದರು. ಕೂದಲು ಗಟ್ಟಿ. ಹನ್ನೊಂದನೆಯ ದಿನ ಸುಮಂಗಲಾ ಯಾರನ್ನೂ ಗುರುತಿಸಲಿಲ್ಲ. ಅಂಗನವಾಡಿಯ ಮಕ್ಕಳ ಹೆಸರು ಕೂಗಿ, ಸಾಲಾಗಿ ಕೂತುಕೊಳ್ಳಿ ಎಂದಳು. ಹುಲುಗಮ್ಮ ಕೂದಲು ಜಗ್ಗಿದಳು, ಬೆರಳು ಬೆವರಿ ಜಾರಿತು. ಸೆರಗಿಗೆ ಒರೆಸಿಕೊಂಡು ಮತ್ತೆ ಜಗ್ಗಿದಳು. ಗಟ್ಟಿ. ಹೊರಗೆ ಬಂದಾಗ ಆಕೆಗೆ ಗೋಡೆ ಎಲ್ಲಿದೆ ಎಂಬುದು ಸಿಗಲಿಲ್ಲ. ಬೆಂಚಿನ ತನಕ ಕೈಹಿಡಿದು ತಂದು ಕೂರಿಸಿದವಳು ಎರ್ರಮ್ಮನೇ.

"ಕುಂದ್ರು. ಚಹಾ ಕುಡಿ. ಬೈದಿದ್ದು ಮನಸ್ಸಿಗೆ ಹಚ್ಕೋಬ್ಯಾಡ, ನನ್ನ ಬಾಯಿನ ಹಂಗ" ಎಂದಳು.

"ಅಷ್ಟು ದಿನ ಜೀವ ಹಿಡಕೊಂಡವರಿಗೆ ಮಾತ್ರ ಉದುರತಾವಂತ" ಎಂದಳು ಹುಲುಗಮ್ಮ. "ಉದುರವಲ್ಲವು. ಗಟ್ಟಿ ಅದಾವ."

ಎರ್ರಮ್ಮ ಚಹಾ ಕೆಳಗಿಟ್ಟು ಆಕೆಯ ಪಕ್ಕ ಕೂತಳು.

ಹನ್ನೆರಡನೆಯ ದಿನ ಬೆಳಿಗ್ಗೆ ಒಳಗೆ ಹೋಗಲು ಹುಲುಗಮ್ಮನಿಗೆ ಧೈರ್ಯ ಸಾಲಲಿಲ್ಲ. ಬಾಗಿಲಲ್ಲಿ ನಿಂತಳು. ನರ್ಸ್ "ಬಾರಜ್ಜಿ, ಟೈಮ್ ಆಗ್ತೈತಿ" ಎಂದಳು. ಸುಮಂಗಲಾ ಆ ಕಡೆ ಮುಖ ಮಾಡಿ ಮಲಗಿದ್ದಳು. ಅಲುಗಾಡಲಿಲ್ಲ. ಹುಲುಗಮ್ಮ ತಲೆಗೆ ಕೈಯಿಟ್ಟಳು. ಹಣೆ ತಣ್ಣಗಿತ್ತು. ಅದು ಯಾವ ತಣ್ಣಗೆ ಎಂದು ಆಕೆಗೆ ತಿಳಿಯಲಿಲ್ಲ. ಹಣೆಯಿಂದ ಕೈ ಹಿಂದಕ್ಕೆ ಸರಿಸಿದಳು. ಜಗ್ಗಲಿಲ್ಲ. ಜಗ್ಗಬೇಕಾಗಲಿಲ್ಲ. ಒಂದು ಹಿಡಿ ಕೂದಲು, ಬುಡಸಮೇತ, ಅಂಗೈಯೊಳಕ್ಕೆ ಬಂತು. ಇನ್ನೊಮ್ಮೆ ಸವರಿದಳು, ಇನ್ನೊಂದು ಹಿಡಿ.

ಸುಮಂಗಲಾ ಕಣ್ಣು ಬಿಟ್ಟು ಅದನ್ನು ನೋಡಿದಳು. "ಅತ್ತೇರ, ನನ್ನ ಕೂದಲು... ನನ್ನ ಜಡೆ..."

"ಬರಲಿ ಬಿಡವ್ವ" ಎಂದಳು ಹುಲುಗಮ್ಮ. ಕಣ್ಣು ಮೂಗು ಒಂದೇ ಸಮ ಸುರಿಯುತ್ತಿದ್ದವು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. "ಎಲ್ಲಾ ಬರಲಿ. ಒಂದೂ ಉಳಿಯೋದು ಬ್ಯಾಡ. ಅಳು, ಗಟ್ಟಿಯಾಗಿ ಅಳು, ನನ್ನ ಬೈಯಿ."

ಸುಮಂಗಲಾ ಅತ್ತಳು. ಅಳುತ್ತ ಬೈದಳು. ಹನ್ನೆರಡು ದಿನದಲ್ಲಿ ಮೊದಲ ಸಲ, ನರ್ಸ್ ಓಡಿಬರುವಷ್ಟು ಜೋರಾಗಿ.

ಹುಲುಗಮ್ಮ ಎರಡೂ ಕೈಯಲ್ಲಿ ಕೂದಲು ಹಿಡಿದು ಹೊರಗೆ ಬಂದಳು. ಒಳಗಿನ ಅಳು ಕೇಳಿ ಸಂಜೀವ ಕಂಬ ಹಿಡಿದು ಎದ್ದು ನಿಂತಿದ್ದ, ಮುಖದಲ್ಲಿ ರಕ್ತವೇ ಇರಲಿಲ್ಲ. ಆಕೆ ಅವನ ಮುಂದೆ ಕೈ ಬಿಚ್ಚಿದಳು.

"ಉದುರಿತೋ ಯಪ್ಪಾ."

ಅವನು ನೋಡಿದ. ಅವ್ವನ ಪಾದದ ಹತ್ತಿರ ನೆಲದ ಮೇಲೆ ಕೂತುಬಿಟ್ಟ.